ಆರಿಸಿದರೂ ಆರದ ಕಂಪ್ಯೂಟರ್

ಮಾರ್ಚ್, ಏಪ್ರಿಲ್ ಬಂತೆಂದರೆ ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆಯ ಕಡೆ ಎರಡು ಕಾತರಗಳು ಒಟ್ಟಿಗೇ ಬರುತ್ತವೆ. ಹಿರಿಯರಿಗೆ ಕಾಫಿಯ ಹೂಮಳೆಯದು, ಮಕ್ಕಳಿಗೆ ಪರೀಕ್ಷೆಯದು. ಸಂಜೆ ಗುಡ್ಡದಾಚೆ ಮೋಡ ಕಪ್ಪಿಟ್ಟಿತೋ ಇಲ್ಲವೋ, ಅಡುಗೆಮನೆಯಿಂದ ಕೂಗು ಕೇಳುತ್ತದೆ: “ಮಳೆ ಬರೋ ಹಂಗಿದೆ, ಕಂಪ್ಯೂಟರ್ ಆಫ್ ಮಾಡೋ!”

“ಮಾಡಿ ಆಗ್ಲೇ ಹತ್ತು ನಿಮಿಷ ಆಯ್ತಮ್ಮ, ಆಫೇ ಆಗ್ತಿಲ್ಲ.”

ಪರದೆಯ ಮೇಲೆ ‘ಶಟಿಂಗ್ ಡೌನ್’ ಎಂಬ ಬರಹ, ಜೊತೆಗೆ ಚುಕ್ಕೆಗಳ ಸುತ್ತಾಟ. ಗೋಡೆಯ ಸ್ವಿಚ್ಚಿನತ್ತ ಕೈ ಹೋಗುವುದು ಇಂಥ ಹೊತ್ತಿನಲ್ಲೇ. ಆ ಕೈಯನ್ನು ಕೊಂಚ ತಡೆಯುವುದು ಲೇಸು.

ಬೀಗಕ್ಕೆ ಮುಂಚೆ ಲೆಕ್ಕ

ತೋಟದಲ್ಲಿ ಹಣ್ಣು ಕೊಯ್ಲಿನ ದಿನ ಸಂಜೆ ಏನಾಗುತ್ತದೆ? ಎಲ್ಲರ ಚೀಲ ತೂಗಿ, ಪುಸ್ತಕದಲ್ಲಿ ಲೆಕ್ಕ ಬರೆದ ಮೇಲೆಯೇ ಗೋದಾಮಿಗೆ ಬೀಗ. ಕಂಪ್ಯೂಟರಿನದೂ ಇದೇ ಕ್ರಮ. ನಾವು ಮಾಡುತ್ತಿರುವ ಕೆಲಸ ತಾತ್ಕಾಲಿಕವಾಗಿ ‘ರ್‍ಯಾಮ್’ ಎಂಬ ನೆನಪಿನಲ್ಲಿರುತ್ತದೆ. ವಿದ್ಯುತ್ ಹೋದೊಡನೆ ಅದು ಖಾಲಿ. ‘ಶಟ್ ಡೌನ್’ ಎಂದಾಗ ಯಂತ್ರವು ತೆರೆದಿರುವ ಪ್ರತಿಯೊಂದು ತಂತ್ರಾಂಶಕ್ಕೂ ಮುಗಿಸುವಂತೆ ಹೇಳಿ, ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು, ಕೊನೆಗೆ ವಿದ್ಯುತ್ ಕಡಿದುಕೊಳ್ಳುತ್ತದೆ. ಒಂದು ತಂತ್ರಾಂಶ ಮೊಂಡು ಹಿಡಿದರೂ ಉಳಿದವರೆಲ್ಲ ಕಾಯಬೇಕು. ಬರೆಯುತ್ತಿರುವಾಗಲೇ ವಿದ್ಯುತ್ ತಪ್ಪಿದರೆ ಕಡತ ಕೆಡಬಹುದು. ಅದು ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಆಗಿದ್ದರೆ?

ಇದು ಹೊಸ ಕಾಯಿಲೆಯೇನಲ್ಲ. 1995ರ ಸುಮಾರಿನ ಹಲವು ಯಂತ್ರಗಳು ‘ಈಗ ಆರಿಸಬಹುದು’ ಎಂದು ತೋರಿಸಿ ಸುಮ್ಮನಾಗುತ್ತಿದ್ದವು. ಸ್ವಿಚ್ಚನ್ನು ಮನುಷ್ಯನೇ ಒತ್ತಬೇಕಿತ್ತು. ಅದೇ ವರ್ಷ ಬಂದ ‘ಎಟಿಎಕ್ಸ್’ ವಿನ್ಯಾಸದಿಂದ ತಂತ್ರಾಂಶವೇ ವಿದ್ಯುತ್ ಕಡಿಯುವಂತಾಯಿತು. ಅನುಕೂಲದ ಜೊತೆ ತೊಡಕೂ ಬಂತು. ವಿಂಡೋಸ್ 98ರ ಎರಡನೇ ಆವೃತ್ತಿ ಸರಿಯಾಗಿ ಆರದೆ ಸತಾಯಿಸಿದ್ದರಿಂದ, ಮೈಕ್ರೋಸಾಫ್ಟ್ ಅದಕ್ಕೆಂದೇ ಪ್ರತ್ಯೇಕ ತಿದ್ದುಪಡಿಯೊಂದನ್ನು ಹೊರತರಬೇಕಾಯಿತು.

ಮಾಡಬೇಕಾದ್ದೇನು?

ಮೊದಲು ಪರದೆಯನ್ನು ಓದಿ. ‘ಅಪ್‌ಡೇಟ್’ ನಡೆಯುತ್ತಿದೆ ಎಂದಿದ್ದರೆ ಕಾಯುವುದೇ ಮದ್ದು. ಕೆಲವೊಮ್ಮೆ ಅರ್ಧ ಗಂಟೆಗೂ ಮಿಕ್ಕಿ ಹಿಡಿಯಬಹುದು. ಯಾವುದೋ ತಂತ್ರಾಂಶ ಅಡ್ಡಿಯಾಗಿದೆ ಎಂದು ಅದರ ಹೆಸರು ತೋರಿಸಿದರೆ ‘ಕ್ಯಾನ್ಸಲ್’ ಒತ್ತಿ ಹಿಂದಿರುಗಿ, ಕೆಲಸ ಉಳಿಸಿ, ಅದನ್ನು ಮುಚ್ಚಿ. ಮುಚ್ಚಲು ಒಪ್ಪದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆದು, ಅದನ್ನು ಆರಿಸಿಕೊಂಡು ‘ಎಂಡ್ ಟಾಸ್ಕ್’ ಎನ್ನಿ.

ಏನೂ ಕದಲದಿದ್ದರೆ ಪ್ರಿಂಟರ್, ಪೆನ್‌ಡ್ರೈವ್‌ಗಳನ್ನು ಕಳಚಿ ನೋಡಿ. ಕಟ್ಟಕಡೆಯ ಉಪಾಯ, ಯಂತ್ರದ ಪವರ್ ಗುಂಡಿಯನ್ನು ಐದರಿಂದ ಹತ್ತು ಸೆಕೆಂಡು ಒತ್ತಿ ಹಿಡಿಯುವುದು. ಮುಂದಿನ ಸಲ ಶುರುವಾಗುವಾಗ ಡಿಸ್ಕ್ ತಪಾಸಣೆ ನಡೆದರೆ ನಡುವೆ ನಿಲ್ಲಿಸಬೇಡಿ.

ದಿನವೂ ಇದೇ ರಗಳೆಯಾದರೆ ಇನ್ನೊಂದು ಕಾರಣ ಹುಡುಕಬೇಕು. 2012ರ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆಯಿದೆ. ಬೇಗ ಎಚ್ಚರಗೊಳ್ಳಲೆಂದು ಯಂತ್ರ ತನ್ನ ಒಳಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಕಾದಿಟ್ಟು ಮಲಗುತ್ತದೆ. ‘ರೀಸ್ಟಾರ್ಟ್’ ಮಾತ್ರ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. ಆದ್ದರಿಂದ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಗುಣವಾಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ, ಪವರ್ ಗುಂಡಿಗಳ ಕೆಲಸ ನಿಗದಿಪಡಿಸುವ ಕಡೆ, ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆಯಿರಿ. ಇತ್ತೀಚೆಗೆ ಹೊಸ ತಂತ್ರಾಂಶ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಅದನ್ನು ತೆಗೆದು ಪರೀಕ್ಷಿಸಿ.

ಪೋಷಕರಿಗೊಂದು ಮಾತು

ಮಲೆನಾಡಿನಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇರಲಿ. ಅದು ಕೊಡುವ ಕೆಲವು ನಿಮಿಷ ಕೆಲಸ ಮುಂದುವರಿಸಲಿಕ್ಕಲ್ಲ, ಕ್ರಮವಾಗಿ ಮುಗಿಸಲಿಕ್ಕೆ. ಮಕ್ಕಳು ಆಗಾಗ ಕಂಟ್ರೋಲ್, ಎಸ್ ಒತ್ತಿ ಕೆಲಸ ಉಳಿಸುವ, ಮುಖ್ಯವಾದ್ದರ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿಡುವ ರೂಢಿ ಮಾಡಿಕೊಳ್ಳಲಿ.

ಮೋಡ ಕಟ್ಟುವಾಗಲೇ ಯಂತ್ರ ಆರಿಸಿ, ಪ್ಲಗ್ ಕಳಚಿಬಿಡಿ. ಗುಡುಗು ಕೇಳತೊಡಗಿದ ಮೇಲೆ ಮಾತ್ರ ಪ್ಲಗ್ಗನ್ನಾಗಲಿ, ತಂತಿಯಿರುವ ಯಂತ್ರವನ್ನಾಗಲಿ ಮುಟ್ಟಕೂಡದು. ಆರದ ಕಂಪ್ಯೂಟರ್ ಆರದೆಯೇ ಇರಲಿ. ಹೋದ ಪ್ರಾಜೆಕ್ಟನ್ನು ಎರಡು ರಾತ್ರಿ ಕೂತು ಮತ್ತೆ ಬರೆಯಬಹುದು. ಮಕ್ಕಳ ಜೀವಕ್ಕೆ ಇನ್ನೊಂದು ಪ್ರತಿ ಇಲ್ಲ.