ಮುಕ್ಕಾಲಿನೊಳಗಿನ ಮೂರು: ಪೂರ್ಣಾಂಕ ಮತ್ತು ಭಾಗಲಬ್ಧ ಸಂಖ್ಯೆಗಳ ಸಂಬಂಧ

(ದೋಹಾದ ಬಿನ್ ಮಹಮೂದ್‌ನಲ್ಲಿ ಕೂಟದ ಸದಸ್ಯ ಕುಟುಂಬಗಳ ಮುಂದೆ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ನಾನು ಅತಿಥಿಯಾಗಿ ಇಳಿದುಕೊಂಡಿರುವ ಮನೆಯ ಬಾಲಕಿಯೊಬ್ಬಳು ನಿನ್ನೆ ತನ್ನ ಅಭ್ಯಾಸ ಪುಸ್ತಕವನ್ನು ನನ್ನ ಮುಂದಿಟ್ಟಳು. ‘6/3 ಪೂರ್ಣಾಂಕವೇ?’ ಎಂಬ ಪ್ರಶ್ನೆಗೆ ಅವಳು ‘ಅಲ್ಲ, ಅದು ಭಿನ್ನರಾಶಿ’ ಎಂದು ಬರೆದಿದ್ದಳು. ಉತ್ತರ ತಪ್ಪೆಂದು ಕೆಂಪು ಗೆರೆ ಬಿದ್ದಿತ್ತು. ಏಕೆ ತಪ್ಪು ಎಂಬುದು ಅವಳಿಗೆ ತಿಳಿಯದು. ತಂದೆಗೆ ವಿಷಯ ತಿಳಿದಿದೆ, ಆದರೆ ಅವರು ಕಲಿತದ್ದು ಕನ್ನಡದಲ್ಲಿ. ಮಗಳು ಕಲಿಯುತ್ತಿರುವುದು ಇಂಗ್ಲಿಷಿನಲ್ಲಿ. ‘ನನಗೆ ನಿಮ್ಮ ಪದಗಳು ಗೊತ್ತಿಲ್ಲಮ್ಮ’ ಎಂದು ಅವರು ಸುಮ್ಮನಾದರು. ಆ ಮೌನವನ್ನು ಮುರಿಯುವುದೇ ಇಂದಿನ ಮಾತಿನ ಉದ್ದೇಶ.

ಎಣಿಕೆಗೆ ಹುಟ್ಟಿದವು 1, 2, 3 ಮೊದಲಾದ ಸಂಖ್ಯೆಗಳು. ಮೂರರಿಂದ ಐದನ್ನು ಕಳೆಯಬೇಕಾಗಿ ಬಂದಾಗ ಇವು ಸಾಲದಾದವು. ಆಗ ಸೊನ್ನೆಯೂ ಋಣಸಂಖ್ಯೆಗಳೂ ಸೇರಿ ಪೂರ್ಣಾಂಕಗಳ ಕುಟುಂಬವಾಯಿತು. ಈ ಕುಟುಂಬದಲ್ಲಿ ಕೂಡಿಸಿದರೂ, ಕಳೆದರೂ, ಗುಣಿಸಿದರೂ ಉತ್ತರ ಕುಟುಂಬದೊಳಗೇ ಉಳಿಯುತ್ತದೆ. ಭಾಗಿಸಿದಾಗ ಮಾತ್ರ ಹಾಗಲ್ಲ. ಮೂರು ದೋಸೆಗಳನ್ನು ನಾಲ್ವರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲನ್ನು ಯಾವ ಪೂರ್ಣಾಂಕವೂ ಹೇಳಲಾರದು. ಈ ಕೊರತೆಯನ್ನು ತುಂಬುವವೇ ಭಾಗಲಬ್ಧ ಸಂಖ್ಯೆಗಳು. ಅಂಶವೂ ಛೇದವೂ ಪೂರ್ಣಾಂಕಗಳಾಗಿ, ಛೇದ ಸೊನ್ನೆಯಲ್ಲದಂತೆ ಬರೆಯಬಹುದಾದ ಸಂಖ್ಯೆಯೇ ಭಾಗಲಬ್ಧ ಸಂಖ್ಯೆ. ‘ಭಾಗಿಸಿ ಲಭಿಸಿದ್ದು’ ಎಂಬ ಅರ್ಥ ಹೆಸರಿನಲ್ಲಿಯೇ ಇದೆ.

ಹಾಗಾದರೆ 5 ಭಾಗಲಬ್ಧವೇ? ಹೌದು, ಅದು 5/1. ಪ್ರತಿಯೊಂದು ಪೂರ್ಣಾಂಕವೂ ಭಾಗಲಬ್ಧ ಸಂಖ್ಯೆಯೇ. ಆದರೆ 3/4 ಪೂರ್ಣಾಂಕವಲ್ಲ. ದೋಹಾದಲ್ಲಿರುವವರೆಲ್ಲರೂ ಕತಾರಿನಲ್ಲಿದ್ದಾರೆ, ಕತಾರಿನಲ್ಲಿರುವವರೆಲ್ಲರೂ ದೋಹಾದಲ್ಲಿಲ್ಲ, ಇದೂ ಹಾಗೆಯೇ.

ಬಾಲಕಿ ಎಡವಿದ್ದು ರೂಪವನ್ನೂ ಸಂಖ್ಯೆಯನ್ನೂ ಒಂದೇ ಎಂದು ಭಾವಿಸಿದ್ದರಿಂದ. ಒಂದೇ ಸಂಖ್ಯೆಗೆ ಹಲವು ಹೆಸರುಗಳಿರುತ್ತವೆ. ಇದಕ್ಕೆ ಈ ನೆಲದ ನಾಣ್ಯಗಳೇ ಸಾಕ್ಷಿ. ಒಂದು ಕಾಲದಲ್ಲಿ ಕತಾರಿನಲ್ಲಿಯೂ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಪ್ರತ್ಯೇಕ ಗಲ್ಫ್ ರೂಪಾಯಿ ಬಂದು, 1966ರವರೆಗೆ ನಡೆಯಿತು. ಹಳೆಯ ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ಭಾರತದಲ್ಲಿ 100 ನಯಾಪೈಸೆ. ಇಂದಿನ ಕತಾರಿ ರಿಯಾಲಿಗೆ 100 ದಿರ್ಹಮ್. ನಾಲ್ಕಾಣೆ ಎಂದರೆ ರೂಪಾಯಿಯ 4/16; 25 ದಿರ್ಹಮ್ ಎಂದರೆ ರಿಯಾಲಿನ 25/100. ಅಡ್ಡಗುಣಾಕಾರ ಮಾಡಿ ನೋಡಿ: 4 × 100 = 400, 16 × 25 = 400. ಎರಡೂ ಕಾಲುಭಾಗವೇ. ನಾಣ್ಯ ಬದಲಾಯಿತು, ಸಂಖ್ಯೆ ಬದಲಾಗಲಿಲ್ಲ. ಅದೇ ರೀತಿ 6/3 ಎಂಬುದು 2ರ ಇನ್ನೊಂದು ಹೆಸರು. ಸಂಕ್ಷೇಪಿಸಿ, ಛೇದವನ್ನು ಧನಸಂಖ್ಯೆಯಾಗಿಸಿದಾಗ ಛೇದದಲ್ಲಿ 1 ಉಳಿದರೆ ಅದು ಪೂರ್ಣಾಂಕ, ಇಲ್ಲವಾದರೆ ಅಲ್ಲ.

ನಮ್ಮ ನುಡಿಯಲ್ಲಿ ಈ ಸಂಬಂಧ ಬಹಳ ಹಿಂದೆಯೇ ಅಡಗಿದೆ. ‘ಮುಕ್ಕಾಲು’ ಎಂದರೆ ಮೂರು ಕಾಲು. ಕಾಲು ಎಂಬ ತುಂಡು ಛೇದವನ್ನು ಸೂಚಿಸಿದರೆ, ಮೂರು ಎಂಬ ಎಣಿಕೆ ಅಂಶವನ್ನು ಸೂಚಿಸುತ್ತದೆ. ಭಾಗಲಬ್ಧ ಸಂಖ್ಯೆಯೆಂದರೆ ಚಿಕ್ಕ ತುಂಡುಗಳನ್ನು ಪೂರ್ಣಾಂಕದಿಂದ ಎಣಿಸುವುದೇ ಹೊರತು ಬೇರೇನೂ ಅಲ್ಲ. ಕಾಲಿನ ಅರ್ಧ ಅರೆಕಾಲು, ಅದರರ್ಧ ವೀಸ, ಅಂದರೆ 1/16.

ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಆರಂಭದಲ್ಲಿ ಅವನು ಸ್ತುತಿಸುವ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿಗಳಿಗೆ ‘ಕಲಾಸವರ್ಣ’ವೆಂಬ ಅಧ್ಯಾಯವನ್ನೇ ಅವನು ಮೀಸಲಿಟ್ಟಿದ್ದಾನೆ. ಒಂದನ್ನು, ಅಂಶ ಒಂದೇ ಆಗಿರುವ ಭಿನ್ನಗಳ ಮೊತ್ತವಾಗಿ ಬರೆಯುವ ಸೂತ್ರ ಅಲ್ಲಿದೆ. ನಾಲ್ಕು ಪದಗಳಿಗೆ ಅದು 1/2 + 1/3 + 1/9 + 1/18. ಎಲ್ಲವನ್ನೂ ಹದಿನೆಂಟನೆಯ ಪಾಲುಗಳಾಗಿ ಮಾಡಿದರೆ 9 + 6 + 2 + 1 = 18; ಮತ್ತೆ ಪೂರ್ಣ ಒಂದು! ಬಿಡಿ ಚೂರುಗಳು ಕೂಡಿ ಪೂರ್ಣಾಂಕಕ್ಕೆ ಮರಳುವ ಪರಿ ಇದು.

ಅಂಥ ಪಂಡಿತನೂ ಒಂದೆಡೆ ಎಡವಿದನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದನು. 5/0 = 5 ಎಂದಾದರೆ 5 × 0 = 5 ಆಗಬೇಕು; ಆದರೆ ಅದು ಸೊನ್ನೆ. ಛೇದ ಸೊನ್ನೆಯಾಗಬಾರದೆಂಬ ನಿಯಮಕ್ಕೆ ಕಾರಣ ಇದೇ. ಮಕ್ಕಳೇ, ಕೆಂಪು ಗೆರೆಗೆ ಹೆದರಬೇಡಿ. ತಪ್ಪು ಏಕೆ ತಪ್ಪೆಂದು ತಿಳಿದರೆ ಸಾಕು.

ಎರಡು ಕುಟುಂಬಗಳ ಸ್ವಭಾವ ಬೇರೆ. ಎರಡಕ್ಕೂ ಮೂರಕ್ಕೂ ನಡುವೆ ಬೇರೆ ಪೂರ್ಣಾಂಕವಿಲ್ಲ. ಆದರೆ ಯಾವುದೇ ಎರಡು ಭಾಗಲಬ್ಧ ಸಂಖ್ಯೆಗಳ ನಡುವೆ ಅವುಗಳ ಸರಾಸರಿ ಇದ್ದೇ ಇರುತ್ತದೆ: 1/2 ಮತ್ತು 3/4ರ ನಡುವೆ 5/8. ಹೀಗೆ ಕೊನೆಯಿಲ್ಲ. ಆದರೂ ಭಾಗಲಬ್ಧಗಳನ್ನು ಪೂರ್ಣಾಂಕಗಳೊಡನೆ ಒಂದಕ್ಕೊಂದರಂತೆ ಜೋಡಿಸಬಹುದೆಂದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಾರ್ಜ್ ಕ್ಯಾಂಟರ್ ತೋರಿಸಿದನು. ಅಂಶ ಮತ್ತು ಛೇದಗಳ ಮೊತ್ತದ ಕ್ರಮದಲ್ಲಿ ಬರೆಯಿರಿ: 1/1, 1/2, 2/1, 1/3, 3/1, 1/4, 2/3, 3/2, 4/1. ಪುನರಾವೃತ್ತಿಯನ್ನು ಬಿಟ್ಟು, ಮೊದಲಲ್ಲಿ ಸೊನ್ನೆಯನ್ನೂ ಪ್ರತಿಯೊಂದರ ಪಕ್ಕದಲ್ಲಿ ಅದರ ಋಣರೂಪವನ್ನೂ ಇಟ್ಟರೆ ಯಾವುದೂ ಬಿಟ್ಟುಹೋಗದು. ಎಲ್ಲ ಸಂಖ್ಯೆಗಳೂ ಭಾಗಲಬ್ಧಗಳೆಂದು ಮಾತ್ರ ತಿಳಿಯಬೇಡಿ. ಎರಡರ ವರ್ಗಮೂಲ ಈ ಸಾಲಿನಲ್ಲಿ ಎಲ್ಲಿಯೂ ಸಿಗದು.

ತಂದೆತಾಯಂದಿರಲ್ಲಿ ಒಂದು ವಿನಂತಿ. ಪರಿಭಾಷೆ ಬೇರೆಯೆಂದು ಮೌನವಾಗಬೇಡಿ. ದೋಸೆಯನ್ನು ನಾಲ್ಕು ಭಾಗ ಮಾಡಿ, ಮೂರನ್ನು ಎಣಿಸಿ, ‘ಇದು ಮುಕ್ಕಾಲು’ ಎನ್ನಿರಿ. ನಿನ್ನೆ ರಾತ್ರಿ ಆ ತಂದೆ ಹಾಗೆಯೇ ಮಾಡಿದರು. ಮಗಳು ಕೂಡಲೇ ಕೇಳಿದಳು: ‘ಹಾಗಾದರೆ ನಾಲ್ಕು ಕಾಲು ಸೇರಿದರೆ ಪೂರ್ಣಾಂಕವೇ ಅಲ್ಲವೇ ಅಪ್ಪ?’ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೊಡಲಾರೆ.