ದೇವರ ಪಕ್ಷದ ವಕೀಲರು

ವಕೀಲರ ಮನೆಯ ಜಗಲಿಗೆ ಬರುವ ಕಕ್ಷಿದಾರರು ನಾನಾ ಬಗೆಯವರು. ಹೊಲದ ಬದುವಿಗಾಗಿ ಜಗಳವಾಡಿದವರು, ಹಿಸ್ಸೆಗಾಗಿ ಒಡಹುಟ್ಟಿದವರ ಮೇಲೆಯೇ ದಾವೆ ಹೂಡಿದವರು, ಕೊಟ್ಟ ಸಾಲ ಹಿಂದಿರುಗದೆ ಕಂಗಾಲಾದವರು. ಇವರೆಲ್ಲರ ಅಳಲು ನ್ಯಾಯಾಲಯಕ್ಕೆ ಸುಲಭವಾಗಿ ತಿಳಿಯುತ್ತದೆ. ಆದರೆ ಒಂದು ಮಠವೋ ಚರ್ಚೋ ಕಕ್ಷಿದಾರನಾಗಿ ಬಂದು ಕುಳಿತಾಗ ವಕೀಲನ ಕೆಲಸದ ಬಗೆಯೇ ಬದಲಾಗುತ್ತದೆ. ಅದರ ಕೈಯಲ್ಲೂ ಇರುವುದು ಕ್ರಯಪತ್ರ, ಲೆಕ್ಕದ ಪುಸ್ತಕಗಳೇ ಹೌದು. ಆದರೆ ಆ ಪತ್ರಗಳ ಹಿಂದೆ ‘ನಾವು ಯಾರು? ನಾವು ನಂಬಿರುವುದೇನು?’ ಎಂಬ ಪ್ರಶ್ನೆಗಳು ಅಡಗಿ ಕುಳಿತಿರುತ್ತವೆ. ಅವನ್ನು ವಕೀಲನು ನ್ಯಾಯಾಧೀಶರು ತೂಗಿ ನೋಡಬಲ್ಲ ಭಾಷೆಗೆ ತರಬೇಕಾಗುತ್ತದೆ.

ನಾನು ಕಾನೂನು ಓದಿದವನಲ್ಲ. ಸಾಹಿತ್ಯದ ಪಾಠ ಹೇಳಿ ಬದುಕಿದವನು. ಆದರೂ ಇಂಥ ಮೊಕದ್ದಮೆಗಳ ವರದಿಗಳನ್ನು ಓದುವ ಗೀಳು ನನಗೆ ಬಹಳ ಕಾಲದಿಂದ ಅಂಟಿಕೊಂಡಿದೆ. ಕಾರಣವಿಷ್ಟೇ: ಧರ್ಮಸಂಸ್ಥೆಯ ಪರವಾಗಿ ನಿಂತ ವಕೀಲನಲ್ಲಿ ನನಗೆ ನಮ್ಮ ಹಳೆಯ ಟೀಕಾಕಾರರ ಹೋಲಿಕೆ ಕಾಣುತ್ತದೆ. ಮೂಲದಲ್ಲಿ ಇದ್ದುದನ್ನೇ ತಾನು ಹೇಳುತ್ತಿದ್ದೇನೆಂದು ಟೀಕಾಕಾರನು ಪ್ರತಿಜ್ಞೆ ಮಾಡುತ್ತಾನೆ. ಆದರೆ ಅವನು ಹೇಳಿ ಮುಗಿಸುವಷ್ಟರಲ್ಲಿ ಮೂಲವು ಮೊದಲಿನಂತೆ ಉಳಿದಿರುವುದಿಲ್ಲ.

ಇದಕ್ಕೆ ನಾನು ಕಂಡ ಅತ್ಯಂತ ಸ್ವಾರಸ್ಯದ ನಿದರ್ಶನ ಸ್ಕಾಟ್ಲೆಂಡಿನದು. ಅಲ್ಲಿಯ ರಾಷ್ಟ್ರೀಯ ಚರ್ಚಿನಲ್ಲಿ ಊರಿನ ಪಾದ್ರಿಯನ್ನು ಸೂಚಿಸುವ ಹಕ್ಕು ಬಹುಮಟ್ಟಿಗೆ ಜಮೀನುದಾರರ ಕೈಯಲ್ಲಿತ್ತು. ಊರವರಿಗೆ ಬೇಡವಾದವನನ್ನೂ ಒಪ್ಪಿಕೊಳ್ಳಲೇಬೇಕೆಂದು ನ್ಯಾಯಾಲಯಗಳು ಹೇಳಿದಾಗ, 1843ರಲ್ಲಿ ನಾನೂರೆಪ್ಪತ್ತಕ್ಕೂ ಹೆಚ್ಚು ಪಾದ್ರಿಗಳು ಥಾಮಸ್ ಚಾಮರ್ಸ್ ಅವರ ಮುಂದಾಳುತನದಲ್ಲಿ ಆ ಚರ್ಚನ್ನು ತೊರೆದು ಹೊರಬಂದರು. ಮನೆ, ಸಂಬಳ, ಪ್ರಾರ್ಥನಾ ಮಂದಿರ ಎಲ್ಲವನ್ನೂ ಬಿಟ್ಟುಬಂದವರು ಅವರು. ‘ಸ್ವತಂತ್ರ ಚರ್ಚು’ ಎಂಬ ಹೊಸ ಸಂಸ್ಥೆ ಹುಟ್ಟಿತು. ಭಕ್ತರು ಕೂಡಿಸಿಕೊಟ್ಟ ಹಣದಿಂದ ಊರೂರಿನಲ್ಲಿ ಮಂದಿರಗಳೂ ಶಾಲೆಗಳೂ ಎದ್ದುವು. ಅಧ್ಯಾತ್ಮದ ವಿಷಯದಲ್ಲಿ ಲೌಕಿಕ ನ್ಯಾಯಾಲಯ ಕೈಹಾಕಕೂಡದೆಂಬುದೇ ಆ ಚರ್ಚಿನ ಜನ್ಮಮಂತ್ರ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

1900ರಲ್ಲಿ ಈ ಸ್ವತಂತ್ರ ಚರ್ಚು ಇನ್ನೊಂದು ಚರ್ಚಿನೊಡನೆ ಒಂದಾಗಿ ‘ಸಂಯುಕ್ತ ಸ್ವತಂತ್ರ ಚರ್ಚು’ ಎನಿಸಿಕೊಂಡಿತು. ಮೂವತ್ತಕ್ಕೂ ಕಡಿಮೆ ಸಂಖ್ಯೆಯ ಪಾದ್ರಿಗಳು ಮಾತ್ರ ಇದಕ್ಕೆ ಒಪ್ಪಲಿಲ್ಲ. ಬಹುಪಾಲು ಉತ್ತರದ ಗುಡ್ಡಗಾಡಿನವರು. ಹಳೆಯ ನಂಬಿಕೆಯನ್ನು ಅಕ್ಷರಶಃ ಹಿಡಿದವರು. ಅವರ ವಾದ ಸರಳವಾಗಿತ್ತು: ‘ರಾಜ್ಯವು ಧರ್ಮವನ್ನು ಪೋಷಿಸಬೇಕೆಂಬುದು 1843ರ ನಮ್ಮ ಹಿರಿಯರ ತತ್ತ್ವ. ನೀವು ಅದನ್ನು ಬಿಟ್ಟವರ ಜೊತೆ ಸೇರಿದಿರಿ. ಯಾರು ಮೋಕ್ಷಕ್ಕೆ, ಯಾರು ನರಕಕ್ಕೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆಂಬ ಸಿದ್ಧಾಂತವನ್ನೂ 1892ರಲ್ಲಿ ಸಡಿಲಗೊಳಿಸಿದಿರಿ. ಆದ್ದರಿಂದ ಹಳೆಯ ಚರ್ಚು ನಾವು, ಆಸ್ತಿ ನಮ್ಮದು.’ ಸ್ಕಾಟ್ಲೆಂಡಿನ ನ್ಯಾಯಾಲಯದಲ್ಲಿ ಸೋತ ಅವರು ಲಂಡನ್ನಿನ ಲಾರ್ಡರ ಸಭೆಗೆ ಮೇಲ್ಮನವಿ ಒಯ್ದರು.

ಸಾವಿರಕ್ಕೂ ಮಿಕ್ಕ ಪಾದ್ರಿಗಳಿದ್ದ ಬಹುಸಂಖ್ಯಾತರ ಪರವಾಗಿ ನಿಂತವರು ರಿಚರ್ಡ್ ಹಾಲ್ಡೇನ್. ಇವರು ಬರಿಯ ಬ್ಯಾರಿಸ್ಟರರಲ್ಲ. ಜರ್ಮನಿಯಲ್ಲಿ ತತ್ತ್ವಶಾಸ್ತ್ರ ಓದಿದವರು. ಷೋಪೆನ್‌ಹೌವರನ ಮಹಾಗ್ರಂಥವನ್ನು ಗೆಳೆಯನೊಬ್ಬನ ಜೊತೆಗೂಡಿ ಇಂಗ್ಲಿಷಿಗೆ ತಂದವರು. ಹೆಗೆಲನ ದರ್ಶನದಲ್ಲಿ ಮುಳುಗಿದವರು. ಸಾಂಪ್ರದಾಯಿಕ ಅರ್ಥದ ಕ್ರೈಸ್ತಶ್ರದ್ಧೆ ಅವರಲ್ಲಿ ಉಳಿದಿರಲಿಲ್ಲವೆಂಬುದು ಬೇರೆ ಮಾತು. ತಾನು ನಂಬದ ದೇವರ ಪರವಾಗಿ ವಾದಿಸಬೇಕಾದ ವಕೀಲನ ಸ್ಥಿತಿ ವಿಚಿತ್ರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಎತ್ತಿ ಆಡಬಲ್ಲವನೇ ವಾಕ್ಯಾರ್ಥಸಭೆಯಲ್ಲಿ ಪಂಡಿತನೆನಿಸುತ್ತಿದ್ದ ನಾಡು ನಮ್ಮದು.

ಈ ಮೊಕದ್ದಮೆಯ ವಾದವೆಲ್ಲವೂ ರಾಬರ್ಟ್ ಲೋ ಆರ್ ಎಂಬುವರ ಸಂಪಾದಕತ್ವದಲ್ಲಿ 1904ರಲ್ಲಿಯೇ ಅಚ್ಚಾಗಿದೆ. ಹಾಲ್ಡೇನರು ಸಿಕ್ಕಿಕೊಂಡ ಇಕ್ಕಟ್ಟನ್ನು ನೋಡಿ. ದೈವನಿಯತಿಯ ಸಿದ್ಧಾಂತವನ್ನು ನಮ್ಮ ಚರ್ಚು ಬಿಟ್ಟಿಲ್ಲವೆಂದು ಅವರು ತೋರಿಸಬೇಕು. ಆದರೆ ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯವೂ ಉಂಟೆಂದು ಅದೇ ಚರ್ಚು ಬೋಧಿಸುತ್ತಿತ್ತು. ಮಧ್ವಸಿದ್ಧಾಂತದ ಜೀವತ್ರೈವಿಧ್ಯವನ್ನು ಕುರಿತು ನಡೆದ ಚರ್ಚೆಗಳನ್ನು ಬಲ್ಲವರಿಗೆ ಈ ತೊಡಕು ತೀರ ಅಪರಿಚಿತವೇನಲ್ಲ. ದೇಶಕಾಲಗಳಿಗೆ ಕಟ್ಟುಬಿದ್ದ ನಮ್ಮ ಬುದ್ಧಿಗೆ ಇವೆರಡೂ ವಿರುದ್ಧವಾಗಿ ಕಂಡರೂ ಮೇಲಿನ ನೆಲೆಯಲ್ಲಿ ಅವಕ್ಕೆ ವಿರೋಧವಿಲ್ಲ ಎಂಬ ಜಾಡಿನಲ್ಲಿ ಹಾಲ್ಡೇನರು ವಾದ ಹೂಡಿದರು. ಲಾರ್ಡರು ಅಡಿಗಡಿಗೆ ತಡೆದು ಪ್ರಶ್ನಿಸಿದರು. ಪೀಠದಲ್ಲಿದ್ದ ಅವರಿಗೆ ಬೇಕಾಗಿದ್ದುದು ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ; ಹಾಲ್ಡೇನರು ಕೊಡುತ್ತಿದ್ದುದು ಹೆಗೆಲನನ್ನು. ವಿಚಾರಣೆ ಮುಗಿದು ತೀರ್ಪು ಬರುವ ಮುನ್ನವೇ ಒಬ್ಬ ನ್ಯಾಯಾಧೀಶರು ತೀರಿಕೊಂಡರು. ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ವಾದಿಸಬೇಕಾಯಿತು.

1904ರ ಆಗಸ್ಟ್ 1ರಂದು ತೀರ್ಪು ಬಂತು. ಐವರು ಅಲ್ಪಸಂಖ್ಯಾತರ ಪರ, ಇಬ್ಬರು ವಿರುದ್ಧ. ಲಾರ್ಡ್ ಹಾಲ್ಸ್‌ಬರಿಯವರ ನಿಲುವು ಶುದ್ಧ ನ್ಯಾಸಕಾನೂನಿನದು. ದಾನಿ ಒಂದು ನಂಬಿಕೆಗಾಗಿ ಹಣ ಕೊಟ್ಟ. ಆ ನಂಬಿಕೆಯನ್ನು ಉಳಿಸಿಕೊಂಡವರು ಎಷ್ಟೇ ಕೆಲವರಾಗಿರಲಿ, ಹಣ ಅವರಿಗೆ ಸೇರಬೇಕು. ಭಿನ್ನಮತ ನೀಡಿದ ಲಾರ್ಡ್ ಮ್ಯಾಕ್ನಾಟನ್ ಕೇಳಿದ ಪ್ರಶ್ನೆ ಬೇರೆ: 1843ರಲ್ಲಿ ಎದ್ದುಬಂದ ಚರ್ಚಿಗೆ ತನ್ನ ನಂಬಿಕೆಯ ಮಾತುಗಳನ್ನು ತಾನೇ ತಿದ್ದಿಕೊಳ್ಳುವ ಅಧಿಕಾರ ಇತ್ತೋ ಇಲ್ಲವೋ? ಚಾಮರ್ಸರು 1843ರಲ್ಲಿ ಮಾಡಿದ ಭಾಷಣವನ್ನೇ ಅವರ ಉತ್ತರಾಧಿಕಾರಿಗಳ ವಿರುದ್ಧ ಸಾಕ್ಷಿಯಾಗಿ ಓದಲಾಗಿತ್ತು. ಉತ್ಸಾಹದ ಗಳಿಗೆಯಲ್ಲಿ ಆಡಿದ ಮಾತು ಅರವತ್ತು ವರ್ಷಗಳ ಮೇಲೆ ದಸ್ತಾವೇಜಾಗಿ ಪರಿಣಮಿಸುತ್ತದೆಂದು ಆ ಪುಣ್ಯಾತ್ಮರು ಎಣಿಸಿರಲಾರರು! ನ್ಯಾಯಾಲಯದ ನೆರಳನ್ನು ಒಲ್ಲದೆ ಮನೆಮಠ ಬಿಟ್ಟುಬಂದ ಚರ್ಚಿನ ಸ್ವರೂಪವನ್ನು ಕೊನೆಗೆ ನಿರ್ಣಯಿಸಿದ್ದು ನ್ಯಾಯಾಲಯವೇ.

ಗೆದ್ದವರಿಗೆ ಅಷ್ಟು ಮಂದಿರಗಳನ್ನೂ ಕಾಲೇಜುಗಳನ್ನೂ ನಡೆಸುವ ಜನವಿರಲಿಲ್ಲ. ಪಾರ್ಲಿಮೆಂಟು 1905ರಲ್ಲಿ ಶಾಸನವೊಂದನ್ನು ಮಾಡಿ ಆಸ್ತಿಯನ್ನು ಎರಡೂ ಪಕ್ಷಗಳಿಗೆ ಹಂಚಬೇಕಾಯಿತು.

ಈಗ ನಮ್ಮ ಉಡುಪಿಗೆ ಬರೋಣ. ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರ ಪರವಾಗಿ ನಿಂತ ವಕೀಲರೂ ಇಂಥದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ದಕ್ಷಿಣ ಕನ್ನಡವು ಆಗ ಮದರಾಸು ರಾಜ್ಯದ ಜಿಲ್ಲೆ. ಪರ್ಯಾಯವೆಂದರೆ ಎರಡು ವರ್ಷಗಳ ಕೃಷ್ಣಪೂಜೆ, ಬಂದವರಿಗೆಲ್ಲ ಅನ್ನಸಂತರ್ಪಣೆ. ಅದರ ಖರ್ಚು ಉಡುಪಿಯವರಿಗೆ ಹೇಳಿಕೊಡಬೇಕಾಗಿಲ್ಲ. 1930ರ ದಶಕದ ಆರಂಭದ ಪರ್ಯಾಯದಲ್ಲಿ ಆದ ಸಾಲ 1946ರ ಪರ್ಯಾಯದಲ್ಲಿ, ಅಭಾವದ ಆ ದಿನಗಳಲ್ಲಿ, ಇನ್ನೂ ಬೆಳೆಯಿತು. ಸರಕಾರದ ಧರ್ಮಾದಾಯ ಮಂಡಲಿ ಮಠದ ಆಡಳಿತದಲ್ಲಿ ಕೈಹಾಕಿತು. ವ್ಯಾಜ್ಯ ಬೆಳೆದು, ಮದರಾಸಿನ 1951ರ ಧರ್ಮಾದಾಯ ಶಾಸನವೇ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯಾಗಿ ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳ ಮುಂದೆ ನಿಂತಿತು.

1954ರ ಮಾರ್ಚ್ 16ರ ಆ ತೀರ್ಪನ್ನು ಬರೆದವರು ಬಿಜನ್ ಕುಮಾರ್ ಮುಖರ್ಜಿಯವರು. ಹಿಂದೂ ಧಾರ್ಮಿಕ ದತ್ತಿಗಳ ಕಾನೂನನ್ನು ಕುರಿತು ಠಾಗೋರ್ ಉಪನ್ಯಾಸಗಳನ್ನು ಕೊಟ್ಟ ವಿದ್ವಾಂಸರು. ಧರ್ಮವೆಂದರೆ ಕೇವಲ ನಂಬಿಕೆಯಲ್ಲ, ಆಚರಣೆಯೂ ಅದರ ಅಂಗವೇ. ಯಾವುದು ಒಂದು ಮತದ ಸಾರಭೂತವಾದ ಅಂಗ ಎಂಬುದನ್ನು ಆ ಮತದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದು ಅವರು ಹೇಳಿದರು. ಆಸ್ಟ್ರೇಲಿಯದ ಯೆಹೋವನ ಸಾಕ್ಷಿಗಳ ಮೊಕದ್ದಮೆಯನ್ನೂ ಅವರು ಪರಿಶೀಲಿಸಿದ್ದಾರೆ. ಆಡಿಲೇಡಿನ ಕ್ರೈಸ್ತ ಪಂಗಡವೊಂದರ ವಕೀಲರು ಎತ್ತಿದ ಪ್ರಶ್ನೆ ಉಡುಪಿಯ ಯತಿಗಳ ತೀರ್ಪಿನಲ್ಲಿ ಬಂದು ಕುಳಿತದ್ದು ನನಗೆ ಈಗಲೂ ಬೆರಗು. ಮಠದಿಂದ ಸರಕಾರ ವಸೂಲು ಮಾಡುತ್ತಿದ್ದ ವಂತಿಗೆಯ ಮೇಲೂ ಮಠದ ವಕೀಲರು ಅಷ್ಟೇ ಗಟ್ಟಿಯಾಗಿ ವಾದಿಸಿದರು. ಅದು ಸೇವೆಗೆ ಕೊಡುವ ಶುಲ್ಕವಲ್ಲ, ತೆರಿಗೆ. ತೆರಿಗೆಯಾದ್ದರಿಂದ ರಾಜ್ಯದ ಶಾಸನಸಭೆಗೆ ಆ ಅಧಿಕಾರವಿಲ್ಲ ಎಂದು ನ್ಯಾಯಾಲಯ ಒಪ್ಪಿತು. ಒಂದು ಕೈಯಲ್ಲಿ ಸಿದ್ಧಾಂತ, ಇನ್ನೊಂದು ಕೈಯಲ್ಲಿ ಜಮಾಖರ್ಚಿನ ಪುಸ್ತಕ: ಈ ವೃತ್ತಿಯ ಸ್ವರೂಪವೇ ಹಾಗೆ.

ಹಾಲ್ಡೇನರಿಗೆ ದೊರೆಯದ ಉತ್ತರ ಉಡುಪಿಯವರಿಗೆ ದೊರೆಯಿತೆಂದು ತೋರುತ್ತದೆ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಯಾವುದು ಸಾರ, ಯಾವುದು ಅಲ್ಲ ಎಂದು ವಿಂಗಡಿಸುವ ಪ್ರಶ್ನೆ ಒಮ್ಮೆ ನ್ಯಾಯಾಲಯದ ಹೊಸ್ತಿಲು ದಾಟಿತೆಂದರೆ ವಿಂಗಡಿಸುವ ಮೊರವೂ ಅದರ ಕೈಗೆ ಹೋಗುತ್ತದೆ. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ, ಅದು ಗೌಡ ಸಾರಸ್ವತರ ಪಂಗಡದ ದೇವಾಲಯವೆಂದು ಒಪ್ಪಿಯೂ ಎಲ್ಲ ಹಿಂದೂಗಳಿಗೆ ಪ್ರವೇಶವುಂಟೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡದವರಿಗೆ ಬಿಟ್ಟಿತು. ನನ್ನ ಮನಸ್ಸಿಗೆ ಅದು ಸರಿಯಾದ ತೀರ್ಪು. 1961ರ ಅಜ್ಮೀರ್ ದರ್ಗಾದ ತೀರ್ಪಿನಲ್ಲಿ ಗಜೇಂದ್ರಗಡ್ಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಢನಂಬಿಕೆಯಿಂದ ಹುಟ್ಟಿ ಬಂದು ಸೇರಿಕೊಂಡ ಆಚರಣೆಗಳನ್ನು ಜರಡಿ ಹಿಡಿಯಬೇಕೆಂದರು. ಇದರ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಬಾಗಿಲನ್ನು ತೆರೆಯಿಸುವ ಕೆಲಸ ಬೇರೆ. ಒಳಗಿರುವವನ ನಂಬಿಕೆಯಲ್ಲಿ ಜೊಳ್ಳೆಷ್ಟು ಕಾಳೆಷ್ಟು ಎಂದು ಹೇಳುವುದು ಬೇರೆ. ನ್ಯಾಯಾಲಯವು ಎಷ್ಟು ದೂರ ಹೋಗಬಹುದೆಂಬ ಈ ಪ್ರಶ್ನೆಯನ್ನೇ 2019ರಲ್ಲಿ ಶಬರಿಮಲೆಯ ಪುನರ್ವಿಮರ್ಶೆಯ ಸಂದರ್ಭದಲ್ಲಿ ಸುಪ್ರೀಂ ಕೋರ್ಟು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು.

ಕಾಸರಗೋಡಿನ ಎಡನೀರು ಮಠದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಯಕ್ಷಗಾನಪ್ರಿಯರಾಗಿದ್ದ ಶ್ರೀ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುವುದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಮುಂದೆ ನಾನಿ ಪಾಲ್ಖೀವಾಲರು ಅವರ ಪರವಾಗಿ ಹದಿಮೂರು ನ್ಯಾಯಮೂರ್ತಿಗಳ ಮುಂದೆ ವಾದಿಸಿದರು. ಅರವತ್ತೆಂಟು ದಿನಗಳ ವಿಚಾರಣೆ ನಡೆದು 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲಸ್ವರೂಪವನ್ನು ಪಾರ್ಲಿಮೆಂಟೂ ಕೆಡಿಸಲಾಗದೆಂಬ ತತ್ತ್ವ ಸ್ಥಾಪಿತವಾಯಿತು. ದೇಶಕ್ಕೆ ಮಹಾಲಾಭ, ಮಠಕ್ಕೆ ಜಮೀನು ಮರಳಲಿಲ್ಲ. ಸ್ವಾಮಿಗಳೂ ವಕೀಲರೂ ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲವೆಂದು ಹೇಳುತ್ತಾರೆ. ಕಕ್ಷಿದಾರನ ಹೆಸರು ಅಮರವಾಗಿ ಅವನ ಅಳಲು ಮರೆತುಹೋದ ಮೊಕದ್ದಮೆ ಇದಕ್ಕಿಂತ ದೊಡ್ಡದು ಇರಲಾರದು.

ಹೀಗೆ ಹೇಳಿದರೆ ಧರ್ಮಸಂಸ್ಥೆಗಳ ವಕೀಲರೆಲ್ಲ ಮಹಾಪೀಠಗಳ ಮುಂದೆಯೇ ಗುಡುಗುವವರೆಂಬ ಭ್ರಮೆ ಹುಟ್ಟೀತು. ಅವರಲ್ಲಿ ಬಹುಮಂದಿ ಗುಡುಗುವುದೇ ಇಲ್ಲ. ನ್ಯಾಸಪತ್ರ ಬರೆಯುವುದು, ಸಂಘವನ್ನು ನೋಂದಾಯಿಸುವುದು, ದೇಣಿಗೆಗೆ ಆದಾಯತೆರಿಗೆಯ ವಿನಾಯಿತಿ ಕೊಡಿಸುವುದು, ವಿದೇಶದ ಹಣ ಬಂದರೆ 2010ರ ಕಾಯಿದೆಯ ಪ್ರಕಾರ ಲೆಕ್ಕ ಒಪ್ಪಿಸುವುದು: ಇಷ್ಟರಲ್ಲೇ ಅವರ ಆಯುಷ್ಯ ಸವೆಯುತ್ತದೆ. ಆದರೆ ನನ್ನ ಎಣಿಕೆಯಲ್ಲಿ ಹೆಚ್ಚಿನ ಸೇವೆ ಇವರದೇ. ಸ್ಕಾಟ್ಲೆಂಡಿನವರೂ 1904ರ ಪೆಟ್ಟಿನಿಂದ ಕಲಿತದ್ದು ಇದನ್ನೇ. ರಾಷ್ಟ್ರೀಯ ಚರ್ಚಿಗೆ ನ್ಯಾಯಸಲಹೆಗಾರರಾಗಿದ್ದು ಮುಂದೆ ನ್ಯಾಯಾಧೀಶರಾದ ಲಾರ್ಡ್ ಸ್ಯಾಂಡ್ಸ್ ಅವರು ಒಂಬತ್ತು ಚಿಕ್ಕ ವಿಧಿಗಳ ಕರಡನ್ನು ಬರೆಯುವುದರಲ್ಲಿ ಮುಖ್ಯರಾಗಿದ್ದರು. ಚರ್ಚಿನ ಅಧ್ಯಾತ್ಮವಿಷಯಗಳಲ್ಲಿ ಲೌಕಿಕ ಅಧಿಕಾರ ಕೈಹಾಕತಕ್ಕದ್ದಲ್ಲ. ತನ್ನ ನಂಬಿಕೆಯ ಮೂಲಾಂಶವನ್ನು ಉಳಿಸಿಕೊಂಡು ಮಿಕ್ಕುದನ್ನು ಅರ್ಥೈಸುವ, ತಿದ್ದುವ ಹಕ್ಕು ಚರ್ಚಿನದೇ ಎಂದು ಅವುಗಳಲ್ಲಿ ಸ್ಪಷ್ಟಪಡಿಸಲಾಯಿತು. 1921ರಲ್ಲಿ ಪಾರ್ಲಿಮೆಂಟು ಅವನ್ನು ಮನ್ನಿಸಿತು. 1929ರಲ್ಲಿ ಸಂಯುಕ್ತ ಸ್ವತಂತ್ರ ಚರ್ಚಿನ ಬಹುಭಾಗ ರಾಷ್ಟ್ರೀಯ ಚರ್ಚಿನಲ್ಲಿ ಬಂದು ಸೇರಿತು. ಹಾಲ್ಡೇನರು ದಿನಗಟ್ಟಲೆ ವಾದಿಸಿಯೂ ದೊರಕಿಸಿಕೊಡಲಾರದ್ದನ್ನು ಒಂದೆರಡು ಪುಟಗಳ ಕರಡು ಪತ್ರ ದೊರಕಿಸಿಕೊಟ್ಟಿತು.

ನಮ್ಮ ಅಷ್ಟಮಠಗಳಿಗೆ ಅಂಥ ಬರಹ ಇಲ್ಲ, ಇರುವುದು ಪರಂಪರೆ. ಅದೇ ಶೀರೂರು ಮಠದ ಉತ್ತರಾಧಿಕಾರದ ಪ್ರಶ್ನೆ 2021ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಿತು. ಹದಿನೆಂಟು ತುಂಬದ ವಟುವನ್ನು ಪೀಠಕ್ಕೆ ಕೂರಿಸಬಹುದೇ ಎಂದು ಕೇಳಿಕೊಂಡು ಬಂದವರು ಈ ಬಾರಿ ಸರಕಾರದವರಲ್ಲ, ಮಠದ ಭಕ್ತರೇ. ಬಾಲಸಂನ್ಯಾಸಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಹೇಳಿ ನ್ಯಾಯಾಲಯವು ಆ ಅರ್ಜಿಯನ್ನು ತಳ್ಳಿಹಾಕಿತು.