ಕಟ್ಟಿದ ಪ್ರಾಣಿಯ ಹಕ್ಕು ನಮ್ಮ ಮೇಲಿದೆ

ಪ್ರವಾದಿ ಮುಹಮ್ಮದ್(ಸ) ತಾವು ಮಕ್ಕಾದವರ ಆಡುಗಳನ್ನು ಕೂಲಿಗೆ ಕಾಯುತ್ತಿದ್ದುದಾಗಿ ತಿಳಿಸಿದ್ದಾರೆ. ಆಡು, ಕೋಳಿ ಸಾಕುವುದು ನಮಗೆ ಕೀಳು ಕೆಲಸವಲ್ಲ. ಶಹಾಪುರ ತಾಲೂಕಿನ ಗೋಗಿಯಂಥ ಊರಿನಲ್ಲಿ ಹಿತ್ತಲಿನ ಎರಡು ಆಡುಗಳೆಂದರೆ ಮಕ್ಕಳ ಶಾಲೆಯ ಫೀಸು, ಮಳೆ ಕೈಕೊಟ್ಟ ವರ್ಷದ ಆಸರೆ. ಆದರೆ ಬಡ್ಡಿಗೆ ಹಣ ತಂದು ಒಮ್ಮೆಲೇ ಹತ್ತು ಆಡು ಕಟ್ಟಿ, ಅವು ರೋಗಕ್ಕೆ ಸಿಕ್ಕರೆ ಮನೆಯಲ್ಲಿ ಉಳಿಯುವುದು ಸಾಲವೊಂದೇ.

ಹೊಸಬರು ಎರಡು ಹೆಣ್ಣಾಡುಗಳಿಂದ ಆರಂಭಿಸಲಿ. ಸಂತೆಗಿಂತ ಪರಿಚಯದ ಮನೆಯಿಂದ ಕೊಳ್ಳುವುದು ಲೇಸು. ಮೂಗು ಸೋರುವ, ಉಚ್ಚಿಕೊಳ್ಳುವ, ಮೇವು ಮೂಸದ ಆಡು ಅಗ್ಗವಾದರೂ ಬೇಡ. ಕಪ್ಪು ಬಣ್ಣದ ಉಸ್ಮಾನಾಬಾದಿ ತಳಿ ನಮ್ಮ ಬಿಸಿಲಿಗೆ ಹೊಂದುತ್ತದೆ. ಅವಳಿ ಮರಿ ಹಾಕುವುದೂ ಹೆಚ್ಚು. ಆಡಿನ ಗಬ್ಬ ಸುಮಾರು 5 ತಿಂಗಳು.

ಆಡು ತರುವ ಮೊದಲೇ ಕೊಟ್ಟಿಗೆ ಸಿದ್ಧವಿರಲಿ. ಒಂದು ಆಡಿಗೆ 10ರಿಂದ 12 ಚದರಡಿ ಜಾಗ, ಎತ್ತರದ ಒಣ ನೆಲ, ಗಾಳಿ ಬೇಕು. ಹೊಸದಾಗಿ ತಂದದ್ದನ್ನು 2-3 ವಾರ ಬೇರೆ ಕಟ್ಟಿ. ಮರಿಗೆ 4 ತಿಂಗಳಾದಾಗ ಪಿಪಿಆರ್ ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಿ. ಸರಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ; ತುರ್ತಿಗೆ 1962ಕ್ಕೆ ಕರೆ ಮಾಡಬಹುದು.

ಮೇವಿಗೆ ನಮ್ಮಲ್ಲಿ ತೊಗರಿ ಹೊಟ್ಟು, ಶೇಂಗಾ ಹೊಟ್ಟು, ಬೇವು-ಜಾಲಿಯ ಸೊಪ್ಪು ಇವೆ. ಔಷಧಿ ಹೊಡೆದ ಹತ್ತಿ ಹೊಲದ ಕಡೆ ಬಿಡಬೇಡಿ. ಶಾದಿ, ಈದ್ ಮುಗಿದ ಮೇಲೆ ಉಳಿದ ಅನ್ನವನ್ನು ಪ್ರೀತಿಯಿಂದ ರಾಶಿ ಸುರಿಯುವವರಿದ್ದಾರೆ. ಅನ್ನ, ಜೋಳದಂಥ ಕಾಳು ಒಮ್ಮೆಲೇ ಹೆಚ್ಚಾದರೆ ಆಡಿನ ಹೊಟ್ಟೆಯಲ್ಲಿ ಹುಳಿ ಏರಿ ಜೀವವೇ ಹೋಗಬಹುದು. ಪ್ರೀತಿಯ ಜೊತೆ ತಿಳಿವಳಿಕೆಯೂ ಇರಲಿ.

ಕೋಳಿಗೆ ಬಂಡವಾಳ ಇನ್ನೂ ಕಡಿಮೆ. ಐದು ಹೇಂಟೆ, ಒಂದು ಹುಂಜ ಸಾಕು. ಕಾವಿಗೆ ಕೂತರೆ 21 ದಿನಕ್ಕೆ ಮರಿ. ಮರಿಗಳಿಗೆ ಮೊದಲ ವಾರವೇ ರಾಣಿಖೇತ್ ರೋಗದ ಲಸಿಕೆಯ ಹನಿ ಹಾಕಿಸಿ. ರಾತ್ರಿ ಮುಂಗುಸಿ, ನಾಯಿ ನುಗ್ಗದಂತೆ ಗೂಡು ಮುಚ್ಚಿ.

ಮಕ್ಕಳು ಬೆಕ್ಕು ಸಾಕಲು ಹಟ ಹಿಡಿದರೆ ಬೇಡವೆನ್ನಬೇಕಿಲ್ಲ. ಬೆಕ್ಕು ಮನೆಯಲ್ಲಿ ಸುಳಿದಾಡುವ ಜೀವ, ಅಶುದ್ಧವಲ್ಲ ಎಂದು ಹದೀಸ್‌ನಲ್ಲಿದೆ. ಹೊಲ, ಹಟ್ಟಿ ಕಾಯಲು ನಾಯಿ ಇಡಲೂ ಅನುಮತಿಯಿದೆ. ಎರಡಕ್ಕೂ ರೇಬೀಸ್ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು-ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಸುಮ್ಮನಿರಬೇಡಿ.

ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ಹುಡುಕಿ ತಿನ್ನಲೂ ಬಿಡದ ಹೆಂಗಸು ಶಿಕ್ಷೆಗೆ ಗುರಿಯಾದ ಸಂಗತಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಗೂಟಕ್ಕೆ ಕಟ್ಟಿದ ಆಡಿನ ಸ್ಥಿತಿಯೂ ಹಾಗೆಯೇ. ಬಾಯಾರಿದರೆ ಅದು ಹಳ್ಳಕ್ಕೆ ಹೋಗಲಾರದು, ಬಿಸಿಲಾದರೆ ನೆರಳಿಗೆ ಸರಿಯಲಾರದು. ಬಕ್ರೀದ್‌ಗೆಂದು ಸಾಕಿದ್ದಕ್ಕೂ ಕೊನೆಯ ದಿನದವರೆಗೆ ಈ ಹಕ್ಕು ಉಂಟು.

ಆದ್ದರಿಂದ ಕೊಳ್ಳುವ ಮುನ್ನ ಮನೆಯವರೆಲ್ಲ ಕೂತು ಒಂದು ಮಾತು ತೀರ್ಮಾನಿಸಿ: ಮೇ ತಿಂಗಳ ಮಧ್ಯಾಹ್ನ ನೀರು ಇಡುವವರು ಯಾರು? ಅವರ ಕೈಲಾದಷ್ಟೇ ಆಡು ತನ್ನಿ.